ನಾಗವೇಣಿ ಕೇಳುತ್ತಾ ಹೋದ ಮಳೆಗಾಲ

ಕಳೆದ ತಿಂಗಳು ಒಂದು ದಿನ ಮಗಳು ಊಟದ ಡಬ್ಬಿ ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಹೋಗಿದ್ದಳು. ಕೊಟ್ಟು ಬರೋಣವೆಂದು ಹೊನ್ನಾವರಕ್ಕೆ ಹೋದೆ. ಅವಳು ಅಲ್ಲಿಯ ಒಂದು ಡಯಾಲಿಸಿಸ್ ಕೇಂದ್ರದಲ್ಲಿ ಟೆಕ್ನಿಷಿಯನ್. ನಾನು ಒಳಗೆ ಹೋಗುವುದಿಲ್ಲ, ಬಾಗಿಲ ಹೊರಗಿನ ಬೆಂಚಿನ ಮೇಲೆ ಡಬ್ಬಿ ಇಟ್ಟು ಬರುತ್ತೇನೆ. ಅಂದು ಬಾಗಿಲು ಅರ್ಧ ತೆರೆದಿತ್ತು. ಮೆಷಿನು ತೊಳೆಯುತ್ತಿದ್ದರೆಂದು ಕಾಣುತ್ತದೆ, ವಿನೆಗರಿನಂಥ ಹುಳಿ ವಾಸನೆಯೊಂದು ಹೊರಗೆ ಬಂತು. ಅದರ ಹಿಂದೆಯೇ ಬ್ಲೀಚಿಂಗ್ ಪುಡಿಯ ವಾಸನೆ.

ಆ ವಾಸನೆ ನನಗೆ ಮೊದಲು ಗೊತ್ತಾದದ್ದು ಕುಮಟೆಯಲ್ಲಿ, ಏಳೆಂಟು ವರ್ಷದ ಹಿಂದೆ. ಪಕ್ಕದಲ್ಲಿ ನನ್ನ ಹೆಂಡತಿ ನಾಗವೇಣಿ ಕೂತಿದ್ದಳು. "ಇದೆಂತ ಹುಳಿ ವಾಸ್ನೆ? ನಮ್ಮ ಮೀನು ವಾಸ್ನೆ ಸಾವಿರ ಪಾಲು ಮೇಲು" ಎಂದಿದ್ದಳು.

ಡಬ್ಬಿ ಇಟ್ಟು ಹೊರಗೆ ಬಂದೆ. ಅಳು ಬರಲಿಲ್ಲ. ಈಗೀಗ ಬರುವುದಿಲ್ಲ. ಹೆದ್ದಾರಿಯ ಬದಿಯಲ್ಲಿ ಭಟ್ಕಳದ ಟೆಂಪೋಕ್ಕೆ ಕಾಯುತ್ತ ನಿಂತಾಗ ಆ ಮಳೆಗಾಲ ಮೊದಲಿನಿಂದ ಕೊನೆಯವರೆಗೆ ನೆನಪಾಯಿತು. ನಾನು ಓದಿದ್ದು ಏಳನೇ ಇಯತ್ತೆ. ನೆನಪಾದದ್ದನ್ನು ನೆನಪಾದ ಹಾಗೆ ಬರೆಯುತ್ತೇನೆ.

ನಮ್ಮ ಮನೆ ಭಟ್ಕಳದ ತೆಂಗಿನಗುಂಡಿ ಬಂದರದ ಹತ್ತಿರ. ನಾನು ದೊಡ್ಡ ಬಲೆಯ ಬೋಟಿನಲ್ಲಿ ಖಲಾಸಿ. ನಾಗವೇಣಿ ಮೀನು ಮಾರುತ್ತಿದ್ದಳು. ಬೆಳಿಗ್ಗೆ ಬಂದರದಲ್ಲಿ ಮೀನು ಕೊಂಡು, ಅಲ್ಯೂಮಿನಿಯಂ ಬೋಗುಣಿ ತಲೆಯ ಮೇಲಿಟ್ಟು ಪಕ್ಕದ ಊರು ಜಾಲಿಯ ಓಣಿಗಳಲ್ಲಿ ಮನೆಮನೆಗೆ ಹೋಗುವುದು ಅವಳ ಕೆಲಸ. ಅಲ್ಲಿಯ ನವಾಯತ ಮುಸ್ಲಿಮರ ಮನೆಗಳ ಹೆಂಗಸರ ಜೊತೆ ಅವರ ಮಾತಿನಲ್ಲೇ ಚೌಕಾಶಿ ಮಾಡುತ್ತಿದ್ದಳು. ಅವಳು ಓದಿದ್ದು ನಾಲ್ಕನೇ ಇಯತ್ತೆ.

ಆ ವರ್ಷ ಮಗಳು ಅಕ್ಷತಾ ಪಿಯುಸಿ ಸೈನ್ಸ್ ಪಾಸಾದಳು. ಡಾಕ್ಟರಾಗುವಷ್ಟು ನಂಬರು ಬರಲಿಲ್ಲ. ಬರುತ್ತದೆಂದು ನಾವು ಎಣಿಸಿರಲೂ ಇಲ್ಲ. ಮಂಗಳೂರಿನ ಒಂದು ಕಾಲೇಜಿನಲ್ಲಿ ಡಯಾಲಿಸಿಸ್ ಡಿಗ್ರಿ ಇದೆ, ನಾಲ್ಕು ವರ್ಷ, ಮುಗಿಸಿದರೆ ಆಸ್ಪತ್ರೆಗಳು ಕರೆದು ಕೆಲಸ ಕೊಡುತ್ತವೆ ಎಂದು ಅವಳೂ ಅವಳ ಗೆಳತಿ ರಶ್ಮಿಯೂ ಕೇಳಿಕೊಂಡು ಬಂದಿದ್ದರು. ರಶ್ಮಿ ಶಿರಾಲಿಯವಳು. ಅವಳ ಅಪ್ಪ ಗೂಡ್ಸ್ ರಿಕ್ಷಾ ಓಡಿಸುತ್ತಾನೆ. ಫೀಸು, ಹಾಸ್ಟೆಲು ಎಲ್ಲ ಸೇರಿ ಐದು ಲಕ್ಷದ ಹತ್ತಿರ ಬೇಕು. ಬ್ಯಾಂಕು ಸಾಲ ಕೊಡುತ್ತದೆ.

ಸಾಲವೆಂದರೆ ನನಗೆ ಹೆದರಿಕೆ ಆಗಲಿಲ್ಲ. ಅದರ ಕಾರಣ ಹೇಳಬೇಕು. ನಮ್ಮಲ್ಲಿ ಮಳೆಗಾಲದ ಎರಡು ತಿಂಗಳು ಬೋಟು ಬಂದ್. ಆಗ ಬೋಟಿನ ಯಜಮಾನರು ಖಲಾಸಿಗಳಿಗೆ ಮುಂಗಡ ಕೊಡುತ್ತಾರೆ. ಮುಂಗಡ ತೆಗೆದುಕೊಂಡವನು ಬೇರೆ ಬೋಟಿಗೆ ಕಾಲಿಡುವ ಹಾಗಿಲ್ಲ. ಮುಂಗಡ ಕೊಟ್ಟವರು ಅವನನ್ನು ಬೋಟಿನಿಂದ ಇಳಿಸುವ ಹಾಗಿಲ್ಲ. ಮೀನು ಬಿದ್ದಾಗ ಅವನ ಪಾಲಿನಲ್ಲಿ ಮುರಿದುಕೊಳ್ಳುತ್ತಾರೆ, ಬೀಳದಿದ್ದರೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಸಾಲ ಕೊಡುವ ಕೈಯೇ ಕೆಲಸವನ್ನೂ ಕೊಡುತ್ತದೆ. ನನ್ನ ಅಪ್ಪ ಹಾಗೆ ಬದುಕಿದ, ನಾನೂ ಹಾಗೆ ಬದುಕಿದೆ. ಓದಲು ದುಡ್ಡು ಕೊಟ್ಟ ಬ್ಯಾಂಕಿನವರು ಓದಿ ಬಂದವಳಿಗೆ ಒಂದು ಆಸ್ಪತ್ರೆಯಲ್ಲಿ ಜಾಗ ಮಾಡಿ, ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ ಎಂದೇ ನಾನು ತಿಳಿದಿದ್ದೆ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಜೂನ್ ತಿಂಗಳು. ಬೋಟುಗಳೆಲ್ಲ ಬಂದರದಲ್ಲಿ ಒಂದಕ್ಕೊಂದು ಕಟ್ಟಿಸಿಕೊಂಡು ನಿಂತಿದ್ದವು. ಮಳೆ ಶುರುವಾದದ್ದು ನಿಂತಿರಲಿಲ್ಲ. ನಾವು ಮೂವರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಬ್ಯಾಂಕಿಗೆ ಹೋದೆವು. ಸಾಲದ ಆಫೀಸರು ಬೇರೆ ರಾಜ್ಯದ ಹುಡುಗ, ಕನ್ನಡ ಕಲಿಯುತ್ತಿದ್ದ. ಪಕ್ಕದ ಮೇಜಿನಲ್ಲಿ ನಮ್ಮ ಕಡೆಯ ಕ್ಲಾರ್ಕ್ ಒಬ್ಬ ಕೂತಿದ್ದ. ಕಾಗದಗಳನ್ನು ನಮ್ಮ ಮುಂದಿಟ್ಟು, ತಂದೆ ತಾಯಿ ಇಬ್ಬರೂ ಸಹಿ ಹಾಕಬೇಕು ಎಂದರು. ನಾನು ಪೆನ್ನು ಹಿಡಿದುಕೊಂಡು ಕೇಳಿದೆ.

"ಸಾಹೇಬ್ರೇ, ಕಲ್ತು ಮುಗಿದ ಮೇಲೆ ಹುಡ್ಗೀನ ಎಲ್ಲಿ ಹಾಕ್ತ್ರಿ?"

"ಎಲ್ಲಿ ಹಾಕೋದು?" ಆಫೀಸರಿಗೆ ತಿಳಿಯಲಿಲ್ಲ.

"ಕೆಲಸಕ್ಕೆ. ಯಾವ ಆಸ್ಪತ್ರೆಗೆ ಅಂತ. ಭಟ್ಕಳದ್ದೇ ಆದ್ರೆ ನಮ್ಗೂ ಸಸಾರ ಇತ್ತು."

ಕ್ಲಾರ್ಕ್ ನಕ್ಕುಬಿಟ್ಟ. "ಹೋಯ್ ಮಾರಾಯ್ರೇ, ಬ್ಯಾಂಕಿನವ್ರು ಕೆಲಸಾನೂ ಕೊಡೂದಾದ್ರೆ ಮೊದ್ಲು ನನ್ನ ಮಗನ್ನ ಹಾಕ್ತಿದ್ದೆ. ಅವ ಮನೇಲೇ ಮಲ್ಗಿದ್ದಾನೆ."

ಕಾಯುತ್ತ ನಿಂತಿದ್ದ ಒಂದಿಬ್ಬರೂ ನಕ್ಕರು. ಅಕ್ಷತಾ ತಲೆ ತಗ್ಗಿಸಿದಳು. ನಾನೂ ನಗಲು ನೋಡಿದೆ. ನಾಗವೇಣಿ ಮಾತ್ರ ನಗಲಿಲ್ಲ.

"ಹಾಂಗಾದ್ರೆ ಕೆಲಸ ಸಿಕ್ಕದಿದ್ರೆ?" ಎಂದು ಕೇಳಿದಳು.

"ಸಿಗ್ಲಿ ಬಿಡ್ಲಿ ಅಕ್ಕಾ, ಓದಿ ಮುಗಿದು ಒಂದು ವರ್ಷಕ್ಕೆ ಕಂತು ಶುರು" ಎಂದ ಕ್ಲಾರ್ಕ್. "ತಿಂಗಳಿಗೆ ಎಂಟು ಸಾವಿರದ ಮೇಲೆ ಬರ್ಬಹುದು."

ಅವಳು ನನ್ನ ಕೈಯಿಂದ ಪೆನ್ನು ತೆಗೆದು ಆಫೀಸರ ಮೇಜಿನ ಮೇಲಿಟ್ಟಳು. "ಇವತ್ತು ಬೇಡ. ಕೇಳ್ಕಂಡು ಬತ್ತೆ."

"ಯಾರನ್ನ ಕೇಳೋದು?" ಆಫೀಸರು ಕೇಳಿದರು.

"ಆ ಕೆಲಸ ಮಾಡುವವ್ರನ್ನ."

ಹೊರಗೆ ಬಂದು ಛತ್ರಿ ಬಿಚ್ಚುವಾಗ ಹೇಳಿದಳು. "ಮುಂಗಡ ಕೊಟ್ಟು ಬೋಟಿಗೆ ಹತ್ತಿಸೂದಿಲ್ಲ ಅಂದ್ರೆ ಅದು ಮುಂಗಡ ಅಲ್ಲ. ಬರೀ ಸಾಲ." ನನ್ನನ್ನು ಹಂಗಿಸಲಿಲ್ಲ. ಬಂದರದಲ್ಲಿ ಮಾತ್ರ ಆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಬಲೆ ಹೆಣೆಯಲು ಕೂತಾಗಲೆಲ್ಲ ಯಾರಾದರೊಬ್ಬರು "ಎಂತಾ ಮಾರಾಯ, ಬ್ಯಾಂಕಿನ ಬೋಟು ಯಾವಾಗ ಕಡ್ಲಿಗೆ ಇಳೀತದೆ?" ಎನ್ನುತ್ತಿದ್ದರು. ಬೋಟು ನಡೆಸುವ ತಾಂಡೇಲ ಕೂಡ ಕೇಳಿದ. ನಾನು ಬಲೆ ಹೆಣೆಯುತ್ತಿದ್ದೆ.

ಮಾರನೆಯ ದಿನ ರಶ್ಮಿಯ ಅಪ್ಪ ಅದೇ ಬ್ಯಾಂಕಿಗೆ ಹೋಗಿ ಸಹಿ ಹಾಕಿ ಬಂದ. ಅಕ್ಷತಾ ನಮ್ಮ ಜೊತೆ ಮಾತು ಬಿಟ್ಟಳು. ಬಡಿಸಿದ್ದನ್ನು ಉಂಡು ಎದ್ದು ಹೋಗುತ್ತಿದ್ದಳು. ಮಳೆಯೂ ಹಾಗೆಯೇ ಸುರಿಯುತ್ತಿತ್ತು, ಮನೆಯೊಳಗೆ ಅದರದ್ದೇ ಸದ್ದು.

ನಾಗವೇಣಿ ಕೇಳುವುದನ್ನು ಶುರು ಮಾಡಿದಳು. ಆ ದಿನಗಳಲ್ಲಿ ಕಡಲ ಮೀನು ಇಲ್ಲ. ಹೊಳೆಯ ಮೀನು ಸ್ವಲ್ಪ, ಒಣಗಿಸಿಟ್ಟ ಶೆಟ್ಲಿ ಸಿಗಡಿ ಸ್ವಲ್ಪ ಇಟ್ಟುಕೊಂಡು ಅವಳು ಹೋಗುತ್ತಿದ್ದಳು. ಮಾರುವುದಕ್ಕಿಂತ ಕೇಳುವುದೇ ಹೆಚ್ಚಾಗಿತ್ತು. ಲ್ಯಾಬಿನಲ್ಲಿ ರಕ್ತ ತೆಗೆಯುವ ಹುಡುಗಿಯನ್ನು ಕೇಳಿದಳು. ಎಕ್ಸರೇ ತೆಗೆಯುವವನನ್ನು ಕೇಳಿದಳು. ಸಂಬಳ ಎಷ್ಟು ಎಂದು ಕೇಳಿದರೆ ಜನ ಸುಳ್ಳು ಹೇಳುತ್ತಾರೆ ಎಂಬುದು ಅವಳ ಅನುಭವ. ಅದಕ್ಕೆ ಬೇರೆ ರೀತಿ ಕೇಳುತ್ತಿದ್ದಳು. ಮನೆ ಬಾಡಿಗೆಯೋ ಸ್ವಂತದ್ದೋ, ಮಧ್ಯಾಹ್ನ ಊಟ ಎಲ್ಲಿ, ತಂಗಿಯ ಮದುವೆ ಆಯಿತೋ, ಹೀಗೆ. ಬಂದು ನನಗೆ ಹೇಳುವಳು. ಅಕ್ಷತಾ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ.

ಜಾಲಿಯಲ್ಲಿ ಓಣಿಯವರೆಲ್ಲ ಖಾಲಾ ಎಂದು ಕರೆಯುವ ಒಬ್ಬ ವಯಸ್ಸಾದ ಹೆಂಗಸಿದ್ದರು. ಅವರಿಗೆ ಕಿಡ್ನಿ ಹೋಗಿತ್ತು. ಮಗಳ ಮನೆ ಕುಮಟೆಯಲ್ಲಿ ಇದ್ದದ್ದರಿಂದ ಅಲ್ಲಿಯ ಕೇಂದ್ರದಲ್ಲೇ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. ವಾರಕ್ಕೆ ಎರಡು ಸಲ ಕಾರು ಮಾಡಿಕೊಂಡು ಹೋಗಿಬರುವುದು. ನಾಗವೇಣಿ ಕೇಳಿದ್ದಕ್ಕೆ ಅವರು ನಕ್ಕರಂತೆ.

"ನನ್ನನ್ನ ಎಂತ ಕೇಳ್ತಿ ನಾಗೀ? ನಾನು ಚುಚ್ಚಿಸ್ಕೊಳ್ಳುವವಳು. ಚುಚ್ಚುವ ಹುಡ್ಗನ್ನ ಕೇಳು. ಎರಡು ಸೂಜಿ ಹಾಕ್ತಾನೆ, ನನಗೆ ನೋವೇ ಗೊತ್ತಾಗೂದಿಲ್ಲ. ಸಂಬಳದ ಮಾತು ತೆಗೆದ್ರೆ ಮಾತ್ರ ಅವನಿಗೆ ನೋವಾಗ್ತದೆ. ನಾಳೆ ಕಾರಲ್ಲಿ ಜಾಗ ಇದೆ, ಬಾ. ಗಂಡನ್ನೂ ಕರ್ಕೊಂಡು ಬಾ. ಬೋಟು ಇಲ್ಲ, ಸುಮ್ನೆ ಕೂತಿರ್ತಾನೆ."

ಹಾಗೆ ನಾವು ಖಾಲಾ ಅವರ ಕಾರಿನಲ್ಲಿ ಕುಮಟೆಗೆ ಹೋದೆವು. ದಾರಿಯಲ್ಲಿ ಹೊನ್ನಾವರದ ಸೇತುವೆಯ ಮೇಲೆ ಗಾಳಿ ಜೋರಿತ್ತು, ಶರಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಖಾಲಾ ಜಪಮಣಿ ಹಿಡಿದು ಕಣ್ಣು ಮುಚ್ಚಿದ್ದರು. ಕೇಂದ್ರದ ಹೊರಗಿನ ಬೆಂಚಿನಲ್ಲಿ ನಮ್ಮನ್ನು ಕೂರಿಸಿ ಅವರನ್ನು ಒಳಗೆ ಕರೆದುಕೊಂಡು ಹೋದರು. ಗಾಜಿನಿಂದ ಕಾಣುತ್ತಿತ್ತು. ಸಾಲಾಗಿ ಹಾಸಿಗೆ, ಪ್ರತಿ ಹಾಸಿಗೆಗೂ ಒಂದು ಮೆಷಿನು, ಕೊಳವೆಗಳಲ್ಲಿ ರಕ್ತ ಹೋಗಿ ಬರುವುದು. ನಾನು ಆಚೆ ತಿರುಗಿ ಕೂತೆ. ನಾಗವೇಣಿ ಪೂರ್ತಿ ನೋಡಿದಳು. "ಹುಡ್ಗ ಕೂತ್ಕಂಡದ್ದೇ ಕಾಣ್ಲಿಲ್ಲ" ಎಂದಳು.

ಮಧ್ಯಾಹ್ನ ಆ ಹುಡುಗ ಹೊರಗೆ ಬಂದ. ಹೆಸರು ವಿನಾಯಕ, ಹತ್ತಿರದ ಹೊಳನಗದ್ದೆಯವನು. ಖಾಲಾ ಅವನಿಗೆ ಹೇಳಿದ್ದರು. ನಾಗವೇಣಿ ಒಣ ಶೆಟ್ಲಿಯ ಪೊಟ್ಟಣ ಕೊಟ್ಟಳು. ಚಹದ ಅಂಗಡಿಯ ತಗಡಿನ ಕೆಳಗೆ ನಿಂತೆವು. ಮಳೆ ತಗಡಿನ ಮೇಲೆ ಹೊಡೆಯುತ್ತಿದ್ದರಿಂದ ಎಲ್ಲರೂ ಗಟ್ಟಿಯಾಗಿ ಮಾತಾಡಬೇಕಾಯಿತು.

"ತಮಾ, ಸಂಬಳ ಬಂದ ಮಾರನೇ ದಿನ ನಿನ್ನ ಕಿಸೆಯಲ್ಲಿ ಎಂತ ಇರ್ತದೆ?"

ವಿನಾಯಕ ನಕ್ಕ. "ಮಾರನೇ ದಿನವಾ? ಬಸ್ಸಿನ ಚಿಲ್ರೆ ಇರ್ತದೆ ಅಕ್ಕಾ."

"ಮಸ್ಕಿರಿ ಬೇಡ. ನನ್ನ ಮಗಳ ಕಥೆ ಇದು."

ಅವನು ಲೋಟ ಕೆಳಗಿಟ್ಟ. ಆಮೇಲೆ ಎಲ್ಲ ಹೇಳಿದ. ಅವನೂ ಮಂಗಳೂರಿನಲ್ಲಿ ಸಾಲ ಮಾಡಿ ಡಿಗ್ರಿ ಓದಿದವನು. ಈಗ ಬರುವುದು ಹದಿನೈದು ಸಾವಿರ. ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗುತ್ತದೆ. "ಹೊಳನಗದ್ದೇಲಿ ಗದ್ದೆ ಅದೆ, ಅಕ್ಕಿ ಮನೇದು. ಅದ್ಕೆ ಉಸಿರು ಹಿಡ್ಕಂಡು ಕಟ್ತಾ ಇದ್ದೆ. ಮಂಗ್ಳೂರಲ್ಲೇ ರೂಮು ಮಾಡ್ಕಂಡು ಇದ್ದಿದ್ರೆ ಮನೆಯಿಂದಲೇ ದುಡ್ಡು ತರಿಸ್ಬೇಕಾಗಿತ್ತು."

"ಒಳಗೆ ನಿನ್ನ ಜೊತೆ ಇನ್ನೊಬ್ಬ ಹುಡ್ಗ ಕೆಲಸ ಮಾಡ್ತಿದ್ದ, ಅವ?"

"ಅವ ಸರಕಾರಿ ಸೀಟಲ್ಲಿ ಡಿಪ್ಲೊಮಾ ಮಾಡಿದವ. ಸಂಬಳ ನಂದಕ್ಕಿಂತ ಒಂದು ಸಾವಿರ ಕಮ್ಮಿ. ಸಾಲ ಇಲ್ಲ. ಹೋದ ತಿಂಗಳು ಬೈಕು ತಕ್ಕಂಡ."

"ಹಾಂಗಾದ್ರೆ ಡಿಗ್ರಿ ಎಂತಕ್ಕೆ?"

"ಇಲ್ಲಿ ಇರುವವ್ರಿಗೆ ಎಂತಕ್ಕೂ ಅಲ್ಲ. ಸೂಜಿ ಹಿಡಿಯೂಕೆ ಎರಡೂ ಒಂದೇ." ಅವನು ಮತ್ತೆ ಲೋಟ ಎತ್ತಿಕೊಂಡ. "ಆದ್ರೆ ಅಕ್ಕಾ, ಡಿಗ್ರಿ ಬೇಡ ಅಂತ ನಾ ಹೇಳಿದೆ ಅಂತ ಆಗ್ಬಾರ್ದು. ದೊಡ್ಡ ಆಸ್ಪತ್ರೇಲಿ ಮೇಲೆ ಹೋಗೂಕೆ ಬೇಕು. ಗಲ್ಫಿಗೆ ಹೋಗೂಕೆ ಬೇಕು. ದೂರ ಹೋಗುವವ್ರಿಗೆ ಅದು ಬೇಕೇ ಬೇಕು. ನಾ ಹೋಗ್ಲಿಲ್ಲ. ಆಯಿ ಒಬ್ಳೇ ಆಗ್ತಾಳೆ."

ಬರುವಾಗ ಖಾಲಾ ಸುಸ್ತಾಗಿ ಮುಂದಿನ ಸೀಟಿನಲ್ಲಿ ನಿದ್ದೆ ಹೋದರು. ನಾಗವೇಣಿ ಮೆಲ್ಲಗೆ ಲೆಕ್ಕ ಹಾಕಿದಳು. ಬೋಟಿನ ಲೆಕ್ಕವೇ. ಮೀನು ಎಷ್ಟಕ್ಕೆ ಹೋದರೂ ಮೊದಲು ಡೀಸೆಲು, ಐಸು ತೆಗೆದು ಆಮೇಲೆ ಪಾಲು ಮಾಡುವುದಲ್ಲವೇ. ಕಂತು ಎಂದರೆ ಡೀಸೆಲು, ರೂಮಿನ ಬಾಡಿಗೆ ಎಂದರೆ ಐಸು. "ಮಂಗ್ಳೂರಲ್ಲಿ ಇದ್ರೆ ಪಾಲಿಗೆ ಎಂತದೂ ಉಳೂದಿಲ್ಲ. ಮನೇಲಿ ಇದ್ದು ಹೋಗಿಬಂದ್ರೆ ಉಳೀತದೆ. ಮನೇಲಿ ಇದ್ದು ಮಾಡುವ ಕೆಲಸಕ್ಕೆ ಡಿಪ್ಲೊಮಾ ಸಾಕು. ಹೌದಾ ಅಲ್ವಾ?"

ನಾನು ಹೌದು ಎಂದೆ. ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ.

ಮನೆಯಲ್ಲಿ ಅದನ್ನೇ ಮಗಳಿಗೆ ಹೇಳಿದಳು. ಅಕ್ಷತಾ ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟಳು.

"ಬಂಗಡೆ ಮಾರುವವ್ರ ಲೆಕ್ಕ ಇದು ಆಯಿ."

"ಹೌದು. ಬಂಗಡೆ ಮಾರಿಯೇ ನಿಂದು ಪಿಯುಸಿ ಆದದ್ದು."

"ನಾ ಮನೇಲಿ ಇದ್ರೆ ಅಂತ ನೀ ಲೆಕ್ಕ ಹಾಕ್ದೆ. ನಾ ಮನೇಲಿ ಇರ್ತೆ ಅಂತ ನಿಂಗೆ ಯಾರು ಹೇಳಿದ್ರು? ನಂಗೆ ದೂರ ಹೋಗ್ಬೇಕು."

ನಾಗವೇಣಿ ಮೀನು ಕೊಯ್ಯುತ್ತಿದ್ದವಳು ಕತ್ತಿ ನಿಲ್ಲಿಸಿದಳು. ಅವಳು ಎಲ್ಲರನ್ನೂ ಕೇಳಿದ್ದಳು. ಇದೊಂದನ್ನು ಮಗಳ ಬಾಯಿಂದ ಅವಳು ಕೇಳಿರಲಿಲ್ಲ.

"ಎಷ್ಟು ದೂರ?"

"ಗೊತ್ತಿಲ್ಲ. ಇಲ್ಲಿಂದ ದೂರ. ನಿನ್ನ ಹಾಂಗೆ ತಲೆ ಮೇಲೆ ನೀರು ಸುರಿಸ್ಕಂಡು ಓಣಿ ಓಣಿ ತಿರುಗೂಕೆ ನಂಗೆ ಆಗೂದಿಲ್ಲ."

ನಾನು ಎದ್ದು ಜಗಲಿಗೆ ಬಂದೆ. ಮಗಳು ಹೇಳಿದ್ದು ಕೆಟ್ಟ ಮಾತೇ. ಆದರೆ ಸುಳ್ಳಲ್ಲ. ಬೋಗುಣಿಯಿಂದ ಮೀನಿನ ನೀರು ಕುತ್ತಿಗೆಗೆ ಇಳಿದು ಇಳಿದು ನಾಗವೇಣಿಯ ಚರ್ಮ ಅಲ್ಲಿ ಸೀಳು ಬಿಟ್ಟಿತ್ತು. ಒಳಗಿನ ಮಾತು ನನಗೆ ಕೇಳುತ್ತಿತ್ತು.

"ಹೋಗು" ಎಂದಳು ನಾಗವೇಣಿ. ಸಿಟ್ಟಿನ ಧ್ವನಿ ಅಲ್ಲ. "ದೂರ ಹೋಗುವವ್ಳು ನೀನು, ನಾ ತಡೂದಿಲ್ಲ. ಆದ್ರೆ ನನ್ನ ಮತ್ತೆ ನಿನ್ನಪ್ಪನ ಸಹಿ ಮೇಲೆ ಬೇಡ. ಮೊದ್ಲು ಸಾಲ ಇಲ್ಲದ್ದನ್ನ ಕಲಿ. ಕೈ ಪಳಗ್ಲಿ. ಆಮೇಲೆ ನಿನ್ನ ಸಂಬಳ ತೋರ್ಸಿ ನೀನೇ ಸಾಲ ತಕ್ಕೋ, ಡಿಗ್ರಿ ಮಾಡು. ಆಗ ನಾನೇ ಬ್ಯಾಂಕಿಗೆ ಬತ್ತೆ."

"ಅಷ್ಟರಲ್ಲಿ ಮುದುಕಿ ಆಗ್ತೆ."

"ಆಗು. ಮುದುಕಿಗೆ ಸಾಲ ಇಲ್ದಿದ್ರೆ ನಿದ್ದೆಯಾದ್ರೂ ಬತ್ತದೆ."

ಅಕ್ಷತಾಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ನನಗೆ ಜಗಲಿಯಲ್ಲಿ ಅದು ಕೇಳಿತು.

ಜುಲೈ ಮುಗಿದು ಸಮುದ್ರಪೂಜೆ ಆಯಿತು. ಯಜಮಾನರ ಮುಂಗಡ ತೆಗೆದುಕೊಂಡು ನಾನು ಬೋಟಿಗೆ ಹೋದೆ. ಚೌತಿ ಕಳೆದ ಮೇಲೆ ಅಕ್ಷತಾಗೆ ಕಾರವಾರದಲ್ಲಿ ಡಿಪ್ಲೊಮಾಕ್ಕೆ ಸರಕಾರಿ ಸೀಟು ಸಿಕ್ಕಿತು. ಫೀಸು ಕಡಿಮೆ. ಶನಿವಾರ ಪ್ಯಾಸೆಂಜರ್ ಗಾಡಿಗೆ ಮನೆಗೆ ಬರುವಳು, ಸೋಮವಾರ ನಸುಕಿಗೆ ಹೋಗುವಳು. ರಶ್ಮಿ ಮಂಗಳೂರಿನಿಂದ ಹಾಸ್ಟೆಲಿನ ಫೋಟೋ ಕಳಿಸುತ್ತಿದ್ದಳಂತೆ, ಅದನ್ನು ನೋಡಿದ ದಿನ ಅಕ್ಷತಾಳ ಮುಖ ಸಣ್ಣದಾಗಿರುತ್ತಿತ್ತು. ಆ ದಿನ ನಾಗವೇಣಿ ಮೀನು ಹುರಿದು ಹಾಕುತ್ತಿದ್ದಳು.

ದೀಪಾವಳಿ ಕಳೆದಿತ್ತು. ಬಂಗಡೆ ಚೆನ್ನಾಗಿ ಬೀಳುತ್ತಿದ್ದ ಕಾಲ. ಒಂದು ಬೆಳಿಗ್ಗೆ ನೇತ್ರಾಣಿ ದ್ವೀಪದ ಆಚೆ ನಾವು ಬಲೆ ಬಿಡಲು ಹೊರಟಾಗ ತಾಂಡೇಲನಿಗೆ ವೈರ್‌ಲೆಸ್ಸಿನಲ್ಲಿ ಮಾತು ಬಂತು. ಅವನು ನನ್ನ ಕಡೆ ನೋಡದೆ "ಬಲೆ ಬೇಡ, ತಿರುಗ್ಸಿ" ಎಂದ. ನನಗೆ "ಮನೇಲಿ ಸ್ವಲ್ಪ ಹುಷಾರಿಲ್ಲಂತೆ" ಎಂದ. ಬಲೆ ಬಿಡದೆ ಬೋಟು ತಿರುಗುವುದು ಸ್ವಲ್ಪ ಹುಷಾರಿಲ್ಲದ್ದಕ್ಕೆ ಅಲ್ಲ. ನನಗೆ ಗೊತ್ತಾಯಿತು. ಯಾರದ್ದು ಎಂದು ಕೇಳಲಿಲ್ಲ. ದಡ ಮುಟ್ಟುವವರೆಗೂ ಎಲ್ಲರೂ ಮಾಡಲು ಏನಾದರೂ ಕೆಲಸ ಹುಡುಕಿಕೊಂಡರು. ನಾನೂ ಹಗ್ಗ ಸುತ್ತಿದೆ.

ನಾಗವೇಣಿ ಜಾಲಿಯಲ್ಲಿ ಖಾಲಾ ಅವರ ಮನೆಯ ಮೆಟ್ಟಿಲ ಮೇಲೆ ಬೋಗುಣಿ ಇಳಿಸಿದಳಂತೆ. ನೀರು ಕೇಳಿದಳಂತೆ. ನೀರು ತರುವಷ್ಟರಲ್ಲಿ ಮುಗಿದಿತ್ತು. ಹೃದಯ ನಿಂತದ್ದು ಎಂದರು ಡಾಕ್ಟರು. 

ಕಾರವಾರದಿಂದ ಮಗಳು ಬರುವವರೆಗೆ ಕಾದೆವು. ಸಂಜೆ ಖಾಲಾ ಅವರನ್ನು ಇಬ್ಬರು ಮೊಮ್ಮಕ್ಕಳು ಕೈ ಹಿಡಿದು ನಮ್ಮ ಅಂಗಳಕ್ಕೆ ಕರೆದುಕೊಂಡು ಬಂದರು. "ಮೆಷಿನಿಗೆ ಕಟ್ಟಿಸ್ಕೊಂಡ ನಾನು ಇದ್ದೇನೆ. ನಡೀತಿದ್ದವಳು ಹೋದಳಲ್ಲ" ಎಂದು ಕುರ್ಚಿಯಲ್ಲಿ ಕೂತು ಅತ್ತರು. ಬೋಗುಣಿಯನ್ನು ಅವರ ಮನೆಯವರು ತೊಳೆದು ತಂದಿದ್ದರು. ಅದರಲ್ಲಿದ್ದ ಮೀನು ಓಣಿಯವರೆಲ್ಲ ಹಂಚಿಕೊಂಡು, ದುಡ್ಡನ್ನು ಕರವಸ್ತ್ರದಲ್ಲಿ ಕಟ್ಟಿ ಕೊಟ್ಟರು. ಯಾವ ಮನೆಯವರೂ ಚೌಕಾಶಿ ಮಾಡಿರಲಿಲ್ಲ. ಆ ದಿನದ ಡೀಸೆಲನ್ನು ಯಜಮಾನರು ನಮ್ಮ ಯಾರ ಪಾಲಿನಲ್ಲೂ ಮುರಿಯಲಿಲ್ಲ. ಇಂಥವೆಲ್ಲ ನನಗೆ ಸರಿಯಾಗಿ ನೆನಪಿವೆ. ಅವಳ ಮುಖ ಆ ದಿನ ಹೇಗಿತ್ತು ಎಂದರೆ ನೆನಪಿಲ್ಲ.

ಆಮೇಲಿನ ವರ್ಷಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅಕ್ಷತಾ ಡಿಪ್ಲೊಮಾ ಮುಗಿಸಿದಳು. ನಡುವೆ ಕೊರೊನಾ ಬಂತು, ಹೋಯಿತು. ಹೊನ್ನಾವರದಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಟೆಂಪೋ ಹತ್ತುತ್ತಾಳೆ, ಸಂಜೆ ಬರುತ್ತಾಳೆ. ಸಂಬಳ ಹೆಚ್ಚಿಲ್ಲ, ಪೂರ್ತಿ ಕೈಗೆ ಬರುತ್ತದೆ. ಮನೆಯ ಹಂಚು ತೆಗೆಸಿ ಹೊಸದು ಹಾಕಿಸಿದಳು. ನಾನು ಬೋಟಿಗೆ ಹೋಗುತ್ತೇನೆ, ಬರುತ್ತೇನೆ. ನಾವಿಬ್ಬರೂ ಹೆಚ್ಚು ಮಾತಾಡುವವರಲ್ಲ. ಮನೆಯ ಮಾತನ್ನೆಲ್ಲ ನಾಗವೇಣಿಯೊಬ್ಬಳೇ ಆಡುತ್ತಿದ್ದಳು.

ಡಬ್ಬಿ ಕೊಟ್ಟು ಬಂದ ಆ ದಿನ ಸಂಜೆ ಅಕ್ಷತಾ ಊಟಕ್ಕೆ ಕೂತಾಗ ಹೇಳಿದಳು. "ಅಪ್ಪಾ, ಡಿಪ್ಲೊಮಾ ಮಾಡಿದವ್ರಿಗೆ ಡಿಗ್ರೀಲಿ ನೇರ ಎರಡನೇ ವರ್ಷಕ್ಕೆ ಸೇರೂಕೆ ಆಗ್ತದೆ. ಮಂಗ್ಳೂರಲ್ಲಿ. ಸಾಲ ಬೇಕು. ಈ ಸಲ ಅರ್ಜಿ ಹಾಕ್ತೆ ಅಂತ ಮಾಡಿದ್ದೆ."

"ಸಂಬಳ?"

"ಕೆಲಸ ಬಿಡ್ಬೇಕು. ಓದಿ ಮುಗಿಯುವವರೆಗೆ ಸಂಬಳ ಇಲ್ಲ." ಅನ್ನ ಕಲಸುತ್ತ ಹೇಳಿದಳು. "ನೀ ಬೇಡ ಅಂದ್ರೆ ಬೇಡ."

ನಾನು ಬೇಡ ಎನ್ನಲಿಲ್ಲ. ಬೇಕು ಎನ್ನಲೂ ಇಲ್ಲ. ಈ ಮನೆಯಲ್ಲಿ ತೂಗಿ ನೋಡುತ್ತಿದ್ದವನು ನಾನಲ್ಲ. ನನಗೆ ಈಗ ವಯಸ್ಸು ಐವತ್ತು ದಾಟಿದೆ. ಬಲೆ ಎಳೆಯುವಾಗ ಬಲಗೈ ಮೇಲೆ ಬರುವುದಿಲ್ಲ, ತಾಂಡೇಲ ನೋಡಿಯೂ ಸುಮ್ಮನಿದ್ದಾನೆ. ನಾನೊಬ್ಬನೇ ದುಡಿದು ಮನೆ ನಡೆಸಬಲ್ಲೆನೇ ಎಂಬುದನ್ನೂ ತೂಗಬೇಕಿತ್ತು. ನಾಗವೇಣಿ ಇದ್ದಿದ್ದರೆ ಏನು ಹೇಳುತ್ತಿದ್ದಳು ಎಂದು ಯೋಚಿಸಿದೆ. ಗೊತ್ತಾಗಲಿಲ್ಲ. ಹೇಳುವ ಮೊದಲು ಏನು ಮಾಡುತ್ತಿದ್ದಳು ಎಂಬುದು ಮಾತ್ರ ಗೊತ್ತಿತ್ತು.

ರಶ್ಮಿ ಡಿಗ್ರಿ ಮುಗಿಸಿ, ಮಂಗಳೂರಿನಲ್ಲಿ ಕೆಲಸ ಮಾಡಿ, ಈಗ ಕುವೈತಿನಲ್ಲಿದ್ದಾಳೆ. ತಮ್ಮನ ಮದುವೆಗೆಂದು ರಜೆಯ ಮೇಲೆ ಶಿರಾಲಿಗೆ ಬಂದಿದ್ದಳು. ಭಾನುವಾರ ನಾನು ಅವರ ಮನೆಗೆ ಹೋದೆ. ಅಂಗಳಕ್ಕೆ ಹೊಸ ಕಲ್ಲು ಹಾಸಿದ್ದರು. ಅವಳ ಅಪ್ಪ ಗೂಡ್ಸ್ ರಿಕ್ಷಾ ತೊಳೆಯುತ್ತಿದ್ದ, ಕೈ ಒರೆಸಿಕೊಂಡು ಬಂದು ಕೂರಿಸಿದ. ಅವಳ ತಾಯಿ ಖರ್ಜೂರ ತಂದಿಟ್ಟು, ಮಗಳು ಸಾಲದ ಕಂತು ಕಟ್ಟಿದ್ದು, ಅಂಗಳ ಮಾಡಿಸಿದ್ದು, ತಮ್ಮನ ಮದುವೆ ಖರ್ಚು ಹಾಕಿದ್ದು ಎಲ್ಲ ಹೇಳಿದಳು. ನಾನು ಖರ್ಜೂರ ತಿಂದೆ. ಮಳೆ ಈ ಸಲ ತಡ ಎಂದೆ. ಮೀನು ಕಡಿಮೆ ಎಂದೆ. ಕೇಳಲು ಬಂದದ್ದನ್ನು ಕೇಳಲು ಬಾಯಿ ಬರಲಿಲ್ಲ. ಹೆಣ್ಣುಮಗಳ ದುಡಿಮೆಯನ್ನು ಅವಳ ಮನೆಯಲ್ಲೇ ಕೂತು ಹೇಗೆ ಕೇಳುವುದು? ನಾಗವೇಣಿಗೆ ತಲೆಯ ಮೇಲೆ ಬೋಗುಣಿ ಇತ್ತು, ಯಾವ ಬಾಗಿಲಲ್ಲಿ ನಿಂತರೂ ಅವಳಿಗೊಂದು ಕೆಲಸ ಇರುತ್ತಿತ್ತು.

ಕೊನೆಗೆ ಎದ್ದೆ. ರಶ್ಮಿ ರಸ್ತೆಯವರೆಗೆ ಬಂದಳು.

"ಕಾಕಾ, ನೀವು ಎಂತಕ್ಕೋ ಬಂದಿದ್ರಿ."

"ಅಕ್ಷತಾ ಡಿಗ್ರಿ ಮಾಡ್ತಾಳಂತೆ. ಸಾಲ ತಕ್ಕಂಡು." ಅಷ್ಟು ಹೇಳಿ ನಿಲ್ಲಿಸಿದೆ. ಮತ್ತೆ ಹೇಳಿದೆ. "ಆ ಸಾಲದ ಕಂತು ನೀನು ಹೆಂಗೆ ಕಟ್ಟಿದೆ, ಅದು ಬೇಕಾಗಿತ್ತು ಮಗಾ."

ಅವಳು ಹಿಂದಕ್ಕೆ ತಿರುಗಿ ಅಂಗಳ ನೋಡಿದಳು. ಅಪ್ಪ ಮತ್ತೆ ರಿಕ್ಷಾ ತೊಳೆಯುತ್ತಿದ್ದ.

"ನಾ ಕಟ್ಲಿಲ್ಲ ಕಾಕಾ. ಮಂಗ್ಳೂರಲ್ಲಿ ಇದ್ದಾಗ ಸಂಬಳ ರೂಮಿಗೆ ಊಟಕ್ಕೇ ಹೋಗ್ತಿತ್ತು. ಕಂತು ಕಟ್ಟಿದ್ದು ಅಪ್ಪ, ಅದೇ ರಿಕ್ಷಾ ಓಡ್ಸಿ. ಮಗಳೇ ಕಟ್ತಾಳೆ ಅಂತ ಊರಿಗೆಲ್ಲ ಹೇಳ್ದ. ಆಯಿಗೂ ಹಾಂಗೇ ಹೇಳ್ದ. ಕುವೈತಿಗೆ ಹೋಗೂಕೆ ಏಜೆಂಟನಿಗೆ ಕೊಟ್ಟದ್ದು ಬೇರೆ. ಅದನ್ನ ನಾನೇ ತೀರ್ಸಿದೆ. ಈಗ, ಈ ವರ್ಷದಿಂದ, ಕೈಯಲ್ಲಿ ಉಳೀತದೆ. ಒಳ್ಳೇದೇ ಉಳೀತದೆ."

"ಹಾಂಗಾದ್ರೆ ಅಕ್ಷತಾ?"

"ಅವ್ಳು ಮಾಡ್ಲಿ. ಅವ್ಳಿಗೆ ಒಂದು ವರ್ಷ ಕಮ್ಮಿ, ಸಾಲಾನೂ ಕಮ್ಮಿ. ಕೈ ಪಳಗಿದೆ, ಅನುಭವದ ಸರ್ಟಿಫಿಕೇಟು ಅದೆ. ನಂಗೆ ಅದು ಇರ್ಲಿಲ್ಲ, ಮಂಗ್ಳೂರಲ್ಲಿ ಅದಕ್ಕಾಗಿಯೇ ಕೂತಿದ್ದೆ. ಅವ್ಳು ಮುಗಿಸಿದ ಕೂಡ್ಲೇ ಹೊರಡ್ಬಹುದು. ಏಜೆಂಟನ ಹತ್ರ ಮಾತ್ರ ಹೋಗೂದು ಬೇಡ ಅಂತ ಹೇಳಿ. ನಾ ದಾರಿ ತೋರಿಸ್ತೆ."

ಹೊರಡಬಹುದು ಎಂದರೆ ಮನೆಯಲ್ಲಿ ನಾನೊಬ್ಬನೇ.

ಮನೆಗೆ ಬಂದು ಕೇಳಿದ್ದನ್ನೆಲ್ಲ ಅಕ್ಷತಾಗೆ ಹೇಳಿದೆ. ರಶ್ಮಿಯ ಅಪ್ಪನ ಮಾತು ಬೇರೆ ಎಲ್ಲೂ ಆಡಬೇಡ ಎಂದೂ ಹೇಳಿದೆ. ಇಲ್ಲಿ ಬರೆಯುವಾಗ ಆ ಹುಡುಗಿಯ ಹೆಸರನ್ನೂ ಊರನ್ನೂ ಬದಲಿಸಿದ್ದೇನೆ. ಅಕ್ಷತಾ ಎಲ್ಲ ಕೇಳಿದಳು.

"ಹಾಂಗಾದ್ರೆ ಎಂತ ಮಾಡ್ಲಿ ಅಪ್ಪಾ?"

"ಸೇರು. ಬೋಟಿಗೆ ನಾ ಇನ್ನೂ ಹೋಗ್ತೆ."

ಮೊನ್ನೆ ಅವಳು ರಜೆ ಹಾಕಿದಳು. ಇಬ್ಬರೂ ಬ್ಯಾಂಕಿಗೆ ಹೋದೆವು. ಆಫೀಸರು ಬೇರೆ, ಈ ಸಲ ಒಬ್ಬ ಹೆಂಗಸು. ಅಕ್ಷತಾ ತನ್ನ ಸಂಬಳದ ಕಾಗದ ತೋರಿಸಿದಳು, ಕೇಳಬೇಕಾದ್ದನ್ನೆಲ್ಲ ತಾನೇ ಕೇಳಿದಳು. ಕಂತು ಯಾವಾಗ ಶುರು, ಬಡ್ಡಿ ಓದುವಾಗಲೇ ಕಟ್ಟಿದರೆ ಎಷ್ಟು ಕಡಿಮೆ, ಎಲ್ಲ. ತಂದೆ ಸಹಿ ಹಾಕಬೇಕು ಎಂದರು. ಹಾಕಿದೆ. ತಾಯಿ ಎಂದು ಕೇಳಿದರು. ಇಲ್ಲ ಎಂದಳು ಮಗಳು. ಅವರು ಮುಂದಿನ ಕಾಗದ ತಿರುಗಿಸಿದರು.

ಬರುವಾಗ ಟೆಂಪೋದಲ್ಲಿ ಕಿಟಕಿಯ ಬದಿಗೆ ಕೂತೆ. ಹೊರಗೆ ಮಳೆ ಹಿಡಿದಿತ್ತು. ಬಂದರದ ತಿರುವು ಬಂದಾಗ, ಆದದ್ದನ್ನು ನಾಗವೇಣಿಗೆ ಹೇಳಬೇಕೆಂದು ಪಕ್ಕಕ್ಕೆ ತಿರುಗಿದೆ.

"ಸಹಿ ಹಾಕಿ ಆತು" ಎಂದೆ.

"ನಾನೂ ಅಲ್ಲೇ ಇದ್ದಿದ್ದೆ ಅಪ್ಪಾ" ಎಂದಳು ಅಕ್ಷತಾ.